ಹೂ ಬೆಳೆದವರ ಬೇಸಿಗೆ ಸಂಗೀತ

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಎಂಟು ಮೂಲೆಯ ಕಬ್ಬಿಣದ ಬ್ಯಾಂಡ್‌ಸ್ಟ್ಯಾಂಡ್ ಇಂದಿಗೂ ಇದೆ. ರಿಚರ್ಡ್ ಸ್ಯಾಂಕಿ 1870ರಲ್ಲಿ ರೂಪಿಸಿದ ಈ ಉದ್ಯಾನದಲ್ಲಿ ಬ್ರಿಟಿಷರ ಕಾಲಕ್ಕೆ ಸಂಜೆ ಹೊತ್ತು ದಂಡಿನ ಬ್ಯಾಂಡ್ ನುಡಿಸುತ್ತಿತ್ತು. ಲಾಲ್‌ಬಾಗ್‌ನಲ್ಲಂತೂ 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬೀಳುವ ಮೊದಲೇ ಬ್ಯಾಂಡ್‌ಸ್ಟ್ಯಾಂಡ್ ಎದ್ದಿತ್ತು. ಹೂದೋಟದ ಬಯಲಲ್ಲಿ ಕೂತು ಸಂಗೀತ ಕೇಳುವ ರೂಢಿ ನಮಗೆ ಇಂಗ್ಲಿಷರಿಂದ ಬಂತು ಎನ್ನುವವರಿಗೆ ಇವೆರಡೇ ಸಾಕ್ಷಿ.

ಅದು ಅರ್ಧ ಕತೆ ಮಾತ್ರ. ಉಳಿದರ್ಧ ಕೋಲಾರದ ಕಡೆ ಇದೆ.

ಲಾಲ್‌ಬಾಗ್ ಹಾಕಿಸಿದ ಹೈದರ್ ಅಲಿ ಕೋಲಾರ ಸೀಮೆಯವನೇ, ಹುಟ್ಟಿದ್ದು ಬೂದಿಕೋಟೆಯಲ್ಲಿ. ತಂದೆ ಫತೇ ಮುಹಮ್ಮದ್ ಶಿರಾದ ನವಾಬನ ಕೈಕೆಳಗೆ ಫೌಜುದಾರನಾಗಿದ್ದ. ಅವನ ಗೋರಿ ಇರುವ ಮಕಬರಾ ಕೋಲಾರ ಪಟ್ಟಣದಲ್ಲೇ ಇದೆ. 1760ರಲ್ಲಿ ಹೈದರ್ ಬೆಂಗಳೂರಿನ ತೋಟಕ್ಕೆ ಕೈ ಹಾಕಿದಾಗ ಶಿರಾದ ತೋಟವೇ ಮಾದರಿಯಾಯಿತು. ಬೆಂಗಳೂರಿನ ಆ ತೋಟದಲ್ಲಿ ಪಾತಿ ಮಾಡಿ, ಗಿಡ ನೆಟ್ಟು, ನೀರು ಹಾಯಿಸಿದ ಕೈಗಳಲ್ಲಿ ತೋಟಗಾರಿಕೆಯೇ ಕಸುಬಾದ ತಿಗಳರವೇ ಹೆಚ್ಚು. ಲಾಲ್‌ಬಾಗಿನ ಚರಿತ್ರೆ ಬರೆದವರು ಇಂಗ್ಲೆಂಡಿನ ಕ್ಯೂ ಉದ್ಯಾನದಿಂದ ಬಂದ ವಿಲಿಯಂ ನ್ಯೂ, ಜಾನ್ ಕ್ಯಾಮರೂನ್, ಜರ್ಮನಿಯ ಕ್ರುಂಬಿಗಲ್ ಇವರನ್ನೆಲ್ಲ ಹೆಸರು ಹಿಡಿದು ನೆನೆಯುತ್ತಾರೆ. ನೆನೆಯಬೇಕಾದ್ದೇ. ಆದರೆ ತೋಟಿಗರ ಹೆಸರು ಒಂದೂ ಉಳಿಯಲಿಲ್ಲ. ಉಳಿದದ್ದು ಅವರ ಹಬ್ಬ.

ಆ ಹಬ್ಬವೇ ಕರಗ. ಬೆಂಗಳೂರಿನ ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗ ಲೋಕಕ್ಕೆಲ್ಲ ಗೊತ್ತು. ಕೋಲಾರ, ಮಾಲೂರು, ಮುಳಬಾಗಿಲು ಸೀಮೆಯ ಊರೂರಲ್ಲೂ ಬೇಸಿಗೆಯಲ್ಲಿ ದ್ರೌಪದಮ್ಮನ ಕರಗ ಏಳುತ್ತದೆಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಸೇವಂತಿಗೆ, ಚೆಂಡುಹೂ, ಕನಕಾಂಬರ, ಕಾಕಡ ಬೆಳೆಯುವ ನಾಡು ಇದು. ವರ್ಷವಿಡೀ ಮಾರುಕಟ್ಟೆಗೆ ಹೂ ಕಳಿಸುವ ಜನ ಆ ಒಂದು ರಾತ್ರಿ ಮಲ್ಲಿಗೆಯನ್ನು ತಮ್ಮ ತಾಯಿಗೆಂದೇ ತೆಗೆದಿಡುತ್ತಾರೆ.

ಕರಗ ಹೊರುವ ಪೂಜಾರಿ ಹೆಣ್ಣಿನ ಉಡುಗೆ ಉಟ್ಟು, ಕೈತುಂಬ ಬಳೆ ತೊಟ್ಟು ಬರುತ್ತಾನೆ. ತಲೆಯ ಮೇಲಿನ ಮಲ್ಲಿಗೆಯ ಗೋಪುರವನ್ನು ಕೈಯಲ್ಲಿ ಹಿಡಿದುಕೊಳ್ಳುವುದಿಲ್ಲ. ಕುತ್ತಿಗೆಯ ಬಿಗಿಯಲ್ಲೇ ಅದು ನಿಲ್ಲಬೇಕು. ಸುತ್ತ ಕತ್ತಿ ಹಿರಿದ ವೀರಕುಮಾರರು, ಬಾಯಲ್ಲಿ ಗೋವಿಂದನ ಹೆಸರು. ಕೋಲಾರದ ಕಡೆ ಕರಗ ಬೀದಿ ಸುತ್ತಿದರಷ್ಟೇ ಸಾಲದು, ಕುಣಿಯಬೇಕು. ವೃತ್ತದಲ್ಲಿ ಕಟ್ಟಿದ ವೇದಿಕೆಯ ಮೇಲೆ ತಮಟೆಯ ಗತ್ತಿಗೆ ಪೂಜಾರಿ ಹೆಜ್ಜೆ ಹಾಕುವಾಗ ಮಾಳಿಗೆ, ಜಗಲಿ, ಮರದ ಕೊಂಬೆಗಳ ಮೇಲೂ ಜನ. ಟಿಕೆಟ್ಟಿಲ್ಲ, ಕುರ್ಚಿಯಿಲ್ಲ. ಹಿಟ್ಟು ರುಬ್ಬಿಟ್ಟು ಬಂದವರು, ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಬಂದವರು ಪಕ್ಕಪಕ್ಕದಲ್ಲೇ ನಿಂತು ಬೆಳಗು ಮಾಡುತ್ತಾರೆ.

ಈ ಕಛೇರಿಯ ಜೀವ ತಮಟೆಯಲ್ಲಿದೆ. ನುಡಿಸುವ ಮೊದಲು ಕಾಗದ, ಹುಲ್ಲು ಗುಡ್ಡೆ ಹಾಕಿ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಾರೆ. ಚರ್ಮ ಬಿಗಿದು ನಾದ ಗಣಗಣಿಸುವವರೆಗೂ ತಿರುಗಿಸಿ ತಿರುಗಿಸಿ ಹಿಡಿದು, ಬೆರಳಲ್ಲಿ ತಟ್ಟಿ ನೋಡುತ್ತಾರೆ. ತಣ್ಣಗಾದರೆ ಮತ್ತೆ ಬೆಂಕಿಗೆ. ತಲೆಮಾರುಗಳಿಂದ ಇದನ್ನು ನುಡಿಸಿದವರು ಹೆಚ್ಚಾಗಿ ದಲಿತರು. ದೇವರ ಮುಂದೆ ನಡೆಯಲು ಅವರ ವಾದ್ಯ ಬೇಕಿತ್ತು, ಗುಡಿಯೊಳಗೆ ಅವರು ಬೇಡವಾಗಿದ್ದರು. ಈ ಅನ್ಯಾಯವನ್ನು ಮರೆತು ಕರಗದ ಸೊಬಗನ್ನಷ್ಟೇ ಹೊಗಳುವುದು ಸರಿಯಲ್ಲ. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರ ಸೀಮೆಯ ಪಿಂಡಿಪಾಪನಹಳ್ಳಿಯ ತಮಟೆ ವಾದಕ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆಗೆ ಸಲ್ಲಬೇಕಾದ ಮರ್ಯಾದೆ ಬಹಳ ತಡವಾಗಿ ಸಂದಿತು.

ದಂಡಿನ ಬ್ಯಾಂಡೂ ಪೂರ್ತಿ ಹೋಗಲಿಲ್ಲ. ಅದರ ಕ್ಲಾರಿನೆಟ್, ಟ್ರಂಪೆಟ್, ಡ್ರಮ್ಮುಗಳು ಪಾರ್ಕಿನಿಂದ ಇಳಿದು ಮದುವೆ ಮೆರವಣಿಗೆಗೆ, ಅಲ್ಲಿಂದ ಜಾತ್ರೆಗೆ ಬಂದವು. ಈಗ ಕರಗದ ರಾತ್ರಿ ಒಂದು ಬೀದಿಯಲ್ಲಿ ನಾದಸ್ವರ, ಡೋಲು; ಇನ್ನೊಂದರಲ್ಲಿ ಬ್ಯಾಂಡ್ ಸೆಟ್; ಬಸ್ ನಿಲ್ದಾಣದ ಬಳಿ ಸಿನಿಮಾ ಹಾಡುಗಳ ರಸಮಂಜರಿ. ಧ್ವನಿವರ್ಧಕದ ಅಬ್ಬರದಲ್ಲಿ ತಮಟೆ ಮುಳುಗಿಹೋಗುತ್ತದೆ ಎಂದು ಹಿರಿಯರು ಕೊರಗುವುದುಂಟು. ಅವರ ಮಾತಿನಲ್ಲಿ ಹುರುಳಿದೆ: ಕರಗ ವೇದಿಕೆ ಹತ್ತುವಷ್ಟು ಹೊತ್ತಾದರೂ ಸುತ್ತಲ ಮೈಕುಗಳನ್ನು ನಿಲ್ಲಿಸಲು ಉತ್ಸವ ಸಮಿತಿಗಳಿಗೆ ಕಷ್ಟವೇನಿಲ್ಲ.