ಅಬ್ಲಾರ್

'ಮಾತನಾಡು' ಎಂಬ ಅರ್ಥದ ಸ್ಪ್ಯಾನಿಷ್ ಕ್ರಿಯಾಪದ. ಬರವಣಿಗೆಯಲ್ಲಿ ಪದದ ಮೊದಲಿಗೆ ಹಕಾರದ ಅಕ್ಷರವಿದೆ, ಉಚ್ಚಾರದಲ್ಲಿ ಇಲ್ಲ. ಮೂಲ ಲ್ಯಾಟಿನ್ನಿನ 'ಫಾಬುಲಾರಿ': ಹರಟು, ಮಾತಾಡು. 'ಕಥೆ' ಎಂಬರ್ಥದ 'ಫಾಬುಲಾ' ಅದರ ಒಡಲಲ್ಲೇ ಇದೆ.

ಲ್ಯಾಟಿನ್ನಿನಲ್ಲಿ ಮಾತನಾಡುವುದಕ್ಕೆ ಶಿಷ್ಟರ ಪದ 'ಲೋಕ್ವಿ'. ಫಾಬುಲಾರಿ ಆಡುಮಾತಿನದು, ರೋಮನ್ ನಾಟಕಕಾರ ಪ್ಲಾಟಸ್‌ನ ಹಾಸ್ಯನಾಟಕಗಳ ಪಾತ್ರಗಳು ಅದನ್ನು ಧಾರಾಳವಾಗಿ ಬಳಸುತ್ತವೆ. ಎರಡೂ ರೂಪದಲ್ಲಿ ಕರ್ಮಣಿ, ಅರ್ಥದಲ್ಲಿ ಕರ್ತರಿ. ಜನರ ಬಾಯಲ್ಲಿ ಈ ವಿಚಿತ್ರ ವರ್ಗವೇ ಕರಗಿಹೋದಾಗ ಫಾಬುಲಾರಿ ಸಾಮಾನ್ಯ ಕ್ರಿಯಾಪದಗಳ ಸಾಲಿಗೆ ಸಲೀಸಾಗಿ ಸೇರಿಕೊಂಡಿತು. ಲೋಕ್ವಿ ಬಳಕೆ ತಪ್ಪಿತು. 'ವಾಚಾಳಿ' ಎಂಬರ್ಥದ ಸ್ಪ್ಯಾನಿಷ್ 'ಲೊಕ್ವಾಸ್'ನಂಥ ಪಂಡಿತರ ಪದಗಳಲ್ಲಿ ಮಾತ್ರ ಅದರ ಕುರುಹು ಉಳಿದಿದೆ.

ನಡುವಿನ ಉಕಾರ ಬಿದ್ದು ಹಳೆಯ ಸ್ಪ್ಯಾನಿಷ್‌ನಲ್ಲಿ 'ಫಬ್ಲಾರ್' ಆಯಿತು. ಎಲ್ ಸಿದ್ ಎಂಬ ಯೋಧನ ಕುರಿತ ವೀರಕಾವ್ಯದಲ್ಲಿರುವುದು ಈ ರೂಪವೇ. ಮುಂದೆ ಸ್ಪೇನ್‌ನ ಕ್ಯಾಸ್ಟೀಲ್ ಪ್ರದೇಶದಲ್ಲಿ ಪದಾದಿಯ ಫಕಾರ ಹಕಾರವಾಯಿತು. ಹಳಗನ್ನಡದ ಪಾಲು, ಪೂ ಎಂಬವು ಹಾಲು, ಹೂವು ಆದದ್ದನ್ನು ಬಲ್ಲವರಿಗೆ ಇದು ಹೊಸ ಸೋಜಿಗವಲ್ಲ. ಮೂಲತಃ ಫಕಾರವಿಲ್ಲದ ನೆರೆಯ ಬಾಸ್ಕ್ ಭಾಷೆಯ ಪ್ರಭಾವ ಇದಕ್ಕೆ ಕಾರಣವೆಂದು ಭಾಷಾವಿದ್ವಾಂಸ ರಾಮೋನ್ ಮೆನೆಂದೆಸ್ ಪಿದಾಲ್ ವಾದಿಸಿದರು, ಎಲ್ಲರೂ ಒಪ್ಪಿಲ್ಲ. 1492ರಲ್ಲಿ ವಿದ್ವಾಂಸ ನೆಬ್ರಿಹಾ ತನ್ನ ಸ್ಪ್ಯಾನಿಷ್ ವ್ಯಾಕರಣ ಪ್ರಕಟಿಸುವಾಗ ಈ ಹಕಾರ ಇನ್ನೂ ಕಿವಿಗೆ ಕೇಳುತ್ತಿತ್ತು. ಆಮೇಲೆ ಅದೂ ಸವೆದು ಕಾಗದದ ಮೇಲಷ್ಟೇ ನಿಂತಿತು. 1605ರ 'ಡಾನ್ ಕ್ವಿಕ್ಸೋಟ್'ನ ನಾಯಕನ ಬಾಯಲ್ಲಿ ಸೆರ್ವಾಂಟಿಸ್ ಹಳೆಯ ಫಕಾರದ ಪದಗಳನ್ನು ಹಾಕಿದ್ದಾನೆ. ಆ ಹೊತ್ತಿಗಾಗಲೇ ಅವು ನಗೆ ತರಿಸುವಷ್ಟು ಹಳತಾಗಿದ್ದವು.

ಪೋರ್ಚುಗೀಸ್ ಮತ್ತು ಗಲೀಸಿಯನ್ ಭಾಷೆಗಳ 'ಫಲಾರ್' ಇದರ ಒಡಹುಟ್ಟು. ಬಳಗ ಇನ್ನೂ ದೊಡ್ಡದು. ಫಾಬುಲಾದ ಹಿಂದಿರುವ 'ಫಾರಿ' (ನುಡಿ) ಧಾತುವಿನಿಂದ 'ಫಾಟುಮ್' ಬಂತು: ನುಡಿದದ್ದು, ಅಂದರೆ ವಿಧಿ. ಅದೇ ಸ್ಪ್ಯಾನಿಷ್‌ನಲ್ಲಿ 'ಆದೊ'. ಅದರ ಬಹುವಚನ ಸ್ತ್ರೀಲಿಂಗವಾಗಿ 'ಆದಾ', ಕಥೆಗಳ ಯಕ್ಷಿಣಿ. ಇನ್ನೂ ಮಾತು ಬಾರದ ಕೂಸು ಲ್ಯಾಟಿನ್ನಿನಲ್ಲಿ 'ಇನ್‌ಫಾನ್ಸ್'. ಸ್ಪೇನ್‌ನಲ್ಲಿ 'ಇನ್‌ಫಾಂತೆ' ಎಂದು ರಾಜಕುಮಾರರ ಬಿರುದಾಯಿತು. ಪಂಡಿತರು ಲ್ಯಾಟಿನ್ನಿನಿಂದ ಮತ್ತೆ ಎರವಲು ತಂದ 'ಫಾಬುಲಾ' (ನೀತಿಕಥೆ) ತನ್ನ ಫಕಾರ ಉಳಿಸಿಕೊಂಡಿದೆ.

ಫ್ರಾನ್ಸ್, ಇಟಲಿಗಳು ಬೇರೆ ದಾರಿ ಹಿಡಿದವು. ಯೇಸುವಿನ ದೃಷ್ಟಾಂತಗಳನ್ನು ಸೂಚಿಸುತ್ತಿದ್ದ 'ಪರಬೊಲಾ' ಪದದಿಂದ ಅಲ್ಲಿ ಪಾರ್ಲೆ, ಪಾರ್ಲಾರೆ ಹುಟ್ಟಿದವು. ಸ್ಪ್ಯಾನಿಷ್ ಅದನ್ನು 'ಪಲಾಬ್ರಾ' (ಪದ) ಎಂಬ ನಾಮಪದವಾಗಿ ಮಾತ್ರ ಮುಖ್ಯವಾಗಿ ಉಳಿಸಿಕೊಂಡಿತು; 'ಪರ್ಲಾರ್' ಎಂದರೆ ಸ್ಪ್ಯಾನಿಷ್‌ನಲ್ಲಿ ಬಡಬಡಿಸುವುದು. ಫ್ರೆಂಚರೂ ಸುಮ್ಮನಿರಲಿಲ್ಲ: ಅವರು ಎರವಲು ಪಡೆದ ಅಬ್ಲಾರ್, 'ಆಬ್ಲೆ' ಆಗಿ ಬಡಾಯಿ ಕೊಚ್ಚು ಎಂಬ ಅರ್ಥ ತಾಳಿದೆ.