ಧಾರವಾಡ ಸೀಮೆಯ ಲೆಕ್ಕದ ಪಾಠ

ಲೆಕ್ಕ ಬಾರದ ಹುಡುಗನನ್ನು ಮಂದಬುದ್ಧಿಯವನೆಂದು ತಳ್ಳಿಬಿಡುವ ರೂಢಿಯು ಹಳೆಯದು. ಆದರೆ ಕನ್ನಡದ ಮೊದಲ ಗಣಿತಕಾರನೆನಿಸಿದ ಪೂವಿನಬಾಗೆಯ ರಾಜಾದಿತ್ಯನು 12ನೆಯ ಶತಮಾನದಲ್ಲಿಯೇ ಕಲಿಯುವವರಿಗೆ ಒಂದಕ್ಕಿಂತ ಹೆಚ್ಚು ದಾರಿಗಳನ್ನು ತೆರೆದಿಟ್ಟಿದ್ದನು. ಅವನ ‘ವ್ಯವಹಾರಗಣಿತ’ದಲ್ಲಿ ಸೂತ್ರವು ಪದ್ಯರೂಪದಲ್ಲಿದ್ದು, ಅದಕ್ಕೆ ಗದ್ಯದ ವಿವರಣೆಯೂ ಉದಾಹರಣೆಗಳೂ ಸೇರಿವೆ. ಕಿವಿಯಿಂದ ಕಲಿಯುವವನು ಪದ್ಯವನ್ನು ಹಿಡಿಯುವನು. ಕಾರಣ ಕೇಳುವವನಿಗೆ ಗದ್ಯವಿದೆ. ಮಾಡಿ ನೋಡಿದ ಹೊರತು ನಂಬದವನು ಉದಾಹರಣೆಗೆ ಕೈಹಾಕಬಹುದು.

ಕೂಲಿಮಠಗಳಲ್ಲಿ ಕಿವಿಯ ದಾರಿಯೊಂದೇ ಪ್ರಬಲವಾಯಿತು. ಅಯ್ಯಗಳು ಹೇಳಿಕೊಡುವರು, ಹುಡುಗರು ಒಕ್ಕೊರಲಿನಿಂದ ಒಪ್ಪಿಸುವರು. ಪೂರ್ಣಾಂಕಗಳ ಮಗ್ಗಿ ಮುಗಿದ ಮೇಲೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿ. ಇದನ್ನು ಬರಿಯ ಗಿಳಿಪಾಠವೆಂದು ನಗುವಂತಿಲ್ಲ. ರೂಪಾಯಿಗೆ 16 ಆಣೆಯಿದ್ದ ಕಾಲದಲ್ಲಿ ಹುಬ್ಬಳ್ಳಿಯ ಪೇಟೆಯ ವ್ಯವಹಾರಕ್ಕೆ ಈ ಮಗ್ಗಿಗಳೇ ಆಧಾರ.

ಸೇರಿಗೆ 12 ಆಣೆಯಂತೆ 16 ಸೇರು ತುಪ್ಪದ ಬೆಲೆಯೆಷ್ಟು? ಮಗ್ಗಿ ಬಲ್ಲವನು ಹದಿನಾರರ ಮುಕ್ಕಾಲು ಹನ್ನೆರಡೆಂದು ತಟ್ಟನೆ ಹೇಳುವನು. ಪಾಟಿ ಹಿಡಿದವನು 192 ಆಣೆಗಳೆಂದು ಗುಣಿಸಿ, 16ರಿಂದ ಭಾಗಿಸುವನು. ಮತ್ತೊಬ್ಬನು, ಸೇರಿಗೆ ರೂಪಾಯಿಯಾಗಿದ್ದರೆ 16 ರೂಪಾಯಿ, ನಾಲ್ಕಾಣೆ ಕಡಿಮೆಯಿರುವದರಿಂದ ಅದರ ಕಾಲುಭಾಗವನ್ನು ಕಳೆದರಾಯಿತೆಂದು ಯೋಚಿಸುವನು. ಮೂವರಿಗೂ ಬರುವ ಉತ್ತರ 12 ರೂಪಾಯಿಯೇ. ಆದರೆ ಮಠದಲ್ಲಿ ಮೊದಲನೆಯವನೇ ಜಾಣ. ಸರಕಾರಿ ಶಾಲೆಯಲ್ಲಿ ಪಾಟಿಯ ಕ್ರಮಕ್ಕೆ ಮಾನ. ಮೂರನೆಯವನ ಯುಕ್ತಿಯನ್ನು ಕೇಳುವವರು ಎರಡೂ ಕಡೆಗೆ ವಿರಳ.

ಈ ಸೀಮೆಯ ಮಕ್ಕಳಿಗೆ ಇನ್ನೊಂದು ತೊಡಕೂ ಇದ್ದಿತು. 19ನೆಯ ಶತಮಾನದ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯ. ಮನೆಯಲ್ಲಿ ಕನ್ನಡದಲ್ಲಿ ಎಣಿಸುವ ಮಗುವು ಶಾಲೆಯಲ್ಲಿ ಬೇರೆ ನುಡಿಯಲ್ಲಿ ಯೋಚಿಸಬೇಕಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರು (1833–1881) ಕನ್ನಡ ಶಾಲೆಗಳಿಗಾಗಿ ದುಡಿದುದರ ಬೆಲೆಯನ್ನು ಸಾಹಿತ್ಯದಿಂದ ಮಾತ್ರ ಅಳೆಯುವದು ವಾಡಿಕೆ. ಲೆಕ್ಕದ ಪಾಠಕ್ಕೂ ಅದರಿಂದಾದ ಉಪಕಾರ ಸಣ್ಣದಲ್ಲ.

1957ರಲ್ಲಿ ದಶಮಾನ ನಾಣ್ಯವು ಬಂದ ಮೇಲೆ ಮುಕ್ಕಾಲರ ಮಗ್ಗಿಯು ಪೇಟೆಯಲ್ಲಿಯ ತನ್ನ ನೆಲೆಯನ್ನು ಕಳೆದುಕೊಂಡಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಅಂಗವಾಗಿ ತಜ್ಞರು ಸಿದ್ಧಪಡಿಸಿದ ಗಣಿತಬೋಧನೆಯ ನಿಲುವುಪತ್ರವು, ಕಲಿಸಿದ ಒಂದೇ ಕ್ರಮದ ದಬ್ಬಾಳಿಕೆಯಿಂದ ಶಾಲೆಯ ಗಣಿತವನ್ನು ಬಿಡಿಸಬೇಕೆಂದಿತು. ಆದರೂ ಮುಕ್ಕಾಲು ಕಿಲೋ ಬೆಲ್ಲದ ಬೆಲೆಯನ್ನು ಅಂಗಡಿಯಲ್ಲಿ ಕಾಲು ಕಳೆದು ತಪ್ಪಿಲ್ಲದೆ ಹೇಳುವ ಹುಡುಗನು, ಪರೀಕ್ಷೆಯಲ್ಲಿ ಕ್ರಮ ಬರೆಯಲಿಲ್ಲವೆಂದು ಅಂಕ ಕಳೆದುಕೊಳ್ಳುವದು ಇನ್ನೂ ಉಂಟು.