ಕಾಲಾಣೆಯ ಕುಶಲ

ನಮ್ಮ ಅಜ್ಜನ ಊರಿನ ಮನೆಯಲ್ಲಿ, ನಡುಮನೆಯ ತೊಲೆಯಿಂದ ಕೊಕ್ಕೆಯಂತೆ ಬಾಗಿಸಿದ ತಂತಿಯೊಂದು ಇಳಿಬಿದ್ದಿತ್ತು. ಬಂದ ಕಾಗದವನ್ನು ಮನೆಮಂದಿಗೆಲ್ಲ ಓದಿಹೇಳಿದ ಮೇಲೆ ಅದರ ಮೊನೆಗೆ ಚುಚ್ಚಿ ಏರಿಸಿಬಿಡುವುದು ಅಂದಿನ ವಾಡಿಕೆ. ಒಂದು ಬೇಸಗೆಯಲ್ಲಿ ಧೂಳು ಹಿಡಿದ ಆ ಗೊಂಚಲನ್ನು ಇಳಿಸಿ ಓದತೊಡಗಿದಾಗ, ಅಜ್ಜನ ಬಾಲ್ಯಸ್ನೇಹಿತರೊಬ್ಬರು ವರ್ಷಗಟ್ಟಲೆ ಬರೆದ ಕಾರ್ಡುಗಳೇ ಅದರಲ್ಲಿ ಹೆಚ್ಚೆಂಬುದೂ, ಆ ಕಾರ್ಡುಗಳಲ್ಲಿ ವಾರ್ತೆಯೆಂದು ಕರೆಯಬಹುದಾದ ವಾರ್ತೆಯೇ ಇಲ್ಲವೆಂಬುದೂ ನನ್ನನ್ನು ವಿಸ್ಮಯಗೊಳಿಸಿದವು. ಎಮ್ಮೆ ಈದದ್ದು, ಮೊಮ್ಮಗುವಿಗೆ ಹಲ್ಲು ಮೂಡಿದ್ದು, ಹುಳಿಗೆ ಎರಡು ಸಲ ಉಪ್ಪು ಬಿದ್ದು ಮನೆಯವರೆಲ್ಲ ಮೌನವಾಗಿ ಊಟಮಾಡಿದ್ದು, ಹುಟ್ಟಿದ ಕರುವು ನಿದ್ರೆಯಲ್ಲಿ ಅಜ್ಜನನ್ನೇ ಹೋಲುವುದು: ಇಂಥವನ್ನು ತಿಳಿಸುವುದಕ್ಕಾಗಿ ಒಬ್ಬ ಗೃಹಸ್ಥನು ಮಸಿ ಕಲಸಿ ಕುಳಿತುಕೊಳ್ಳುವಂತಾದದ್ದು ನಮ್ಮ ಸಾಮಾಜಿಕ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲವೆಂದು ನನಗೆ ತೋರುತ್ತದೆ.

ಏಕೆಂದರೆ ಅಲ್ಪವಿಷಯವನ್ನು ದೂರಕ್ಕೆ ಬರೆಯುವ ಭಾಗ್ಯವು ಬಹುಕಾಲ ಜನಸಾಮಾನ್ಯರಿಗೆ ಇರಲಿಲ್ಲ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರು ಏರ್ಪಡಿಸಿದ ಮೈಸೂರಿನ ಅಂಚೆಯು ಅರಮನೆಯ ಅಪ್ಪಣೆಗಳನ್ನು ನಾಡಿಗೆ ಒಯ್ಯುವುದಕ್ಕೂ ನಾಡಿನ ಗುಟ್ಟುಗಳನ್ನು ಅರಮನೆಗೆ ತರುವುದಕ್ಕೂ ಹುಟ್ಟಿದುದೇ ಹೊರತು ಎಮ್ಮೆಯ ಕರುವಿಗಾಗಿ ಅಲ್ಲ. ಕಂಪನಿಯ ಟಪ್ಪಾಲಿನಲ್ಲಿ ದೂರ ಹೆಚ್ಚಿದಂತೆ ದರವೂ ಹೆಚ್ಚುತ್ತಿತ್ತು. 1854ರಲ್ಲಿ ದೇಶಕ್ಕೆಲ್ಲ ಏಕರೂಪದ ದರವೂ ಸ್ಟಾಂಪೂ ಬಂದು, ಹಗುರವಾದ ಕಾಗದವು ಅರ್ಧಾಣೆಗೆ ಎಷ್ಟು ದೂರವಾದರೂ ಹೋಗುವಂತಾಯಿತಾದರೂ, ಆ ಅರ್ಧಾಣೆಯೂ ಬಡವನಿಗೆ ಹಗುರವಾಗಿರಲಿಲ್ಲ. ಮದುವೆ, ಮರಣ, ಸಾಲ, ವ್ಯಾಜ್ಯ ಇವುಗಳಿಗಲ್ಲದೆ ಅವನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ.

1869ರಲ್ಲಿ ಆಸ್ಟ್ರಿಯಾ-ಹಂಗೇರಿಯಲ್ಲಿ ಮೊದಲು ಕಾಣಿಸಿಕೊಂಡ ಅಂಚೆಕಾರ್ಡು ಹತ್ತು ವರ್ಷಗಳ ತರುವಾಯ, 1879ರ ಜುಲೈ 1ರಂದು, ಕಾಲಾಣೆಯ ಬೆಲೆಗೆ ನಮ್ಮ ದೇಶದಲ್ಲಿ ಪ್ರಚಾರಕ್ಕೆ ಬಂದಿತು. ಮುಂದೆ ಹತ್ತು ವರ್ಷಕ್ಕೆ, 1889ರಲ್ಲಿ, ಮೈಸೂರಿನ ಅಂಚೆಯು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ಅಂಚೆಯೆಂಬ ಹೆಸರು ಮಾತ್ರ ನಮ್ಮ ನುಡಿಯಲ್ಲಿ ಅಳಿಯದೆ ಉಳಿಯಿತು.

ಆ ಪುಟ್ಟ ರಟ್ಟಿನ ಮೇಲೆ ಬರೆಯುವ ಕ್ರಮವಾದರೋ ಹಿಂದಿನಿಂದ ಬಂದ ಮರ್ಯಾದೆಯದೇ. ತಲೆಯಲ್ಲಿ ಶ್ರೀಕಾರ, ಹಿರಿಯರಾದರೆ ತೀರ್ಥರೂಪ ಸಮಾನರು, ಕಿರಿಯನಾದರೆ ಚಿರಂಜೀವಿ, ಅನಂತರ ಉಭಯ ಕುಶಲೋಪರಿ ಸಾಂಪ್ರತ. ಈ "ಸಾಂಪ್ರತ"ವೆಂಬ ಒಂದು ಪದವು ಸಭಾಮರ್ಯಾದೆಗೂ ಸಲಿಗೆಗೂ ನಡುವಣ ಹೊಸಿಲಿನಂತಿದ್ದಿತು: ಅದರ ಈಚೆಗೆ ಸಂಸ್ಕೃತದ ಗಾಂಭೀರ್ಯ, ಅದನ್ನು ದಾಟಿದೊಡನೆ ಮನೆಯ ಮಾತು. ಉಳಿದ ನಾಲ್ಕಾರು ಅಂಗುಲ ಜಾಗವು ಸಾಲದೆ ಹೋಗಿ, ಅಂಚಿನ ಸುತ್ತ ಪ್ರದಕ್ಷಿಣೆ ಬಂದ ಸಾಲುಗಳೂ, ಶ್ರೀಕಾರದ ಪಕ್ಕದಲ್ಲಿ ತಲೆಕೆಳಗಾಗಿ ತುರುಕಿದ ಸಾಲುಗಳೂ ಆ ಗೊಂಚಲಿನಲ್ಲಿ ಬೇಕಾದಷ್ಟಿದ್ದವು. ಸ್ನೇಹಿತರ ವಿನೋದವು ಹೆಚ್ಚಾಗಿ ಅಡಗಿರುತ್ತಿದ್ದುದು ಆ ತಲೆಕೆಳಗಾದ ಸಾಲುಗಳಲ್ಲಿಯೇ.

ಕಾರ್ಡಿಗೆ ಗುಟ್ಟಿಲ್ಲ. ಅದನ್ನು ಅಂಚೆಯವನು ಓದಬಹುದು. ಅಕ್ಷರ ಬಾರದವರ ಮನೆಯಲ್ಲಿ ಅವನೇ ಜಗಲಿಯಲ್ಲಿ ಕುಳಿತು, ಮಜ್ಜಿಗೆ ಕುಡಿದು, ಓದಿಹೇಳಬೇಕು. ಹೀಗೆ ಓದುವಾಗ ಪಕ್ಕದ ಮನೆಯವರೂ ಕಿವಿಗೊಟ್ಟಿರುತ್ತಿದ್ದುದರಿಂದ, ಒಬ್ಬ ಗೆಳೆಯನಿಗೆಂದು ಬರೆದ ಹುಳಿಯ ಕಥೆಗೆ ಒಂದು ಕೇರಿಯೇ ನಗುತ್ತಿತ್ತು. ಇದನ್ನು ಕೊರತೆಯೆಂದು ಎಣಿಸುವವರುಂಟು, ನಾನು ಎಣಿಸಲಾರೆ. ಹತ್ತು ಜನ ಕೇಳುವರೆಂದು ಬಲ್ಲವನು ನೋಯಿಸುವ ಹಾಸ್ಯವನ್ನು ಬರೆಯುವುದಿಲ್ಲ. ಆ ಕಾರ್ಡುಗಳಲ್ಲಿ ಒಂದೇ ಒಂದು ಕಹಿಮಾತು ನನಗೆ ಕಾಣಲಿಲ್ಲ. ಶುಭವಾರ್ತೆಯ ಕಾಗದಕ್ಕೆ ಮೂಲೆಯಲ್ಲಿ ಅರಿಶಿನ ಹಚ್ಚಿರುತ್ತಿತ್ತು. ಸಾವಿನ ಕಾಗದ ಮಾತ್ರ ಒಳಗೆ ಬರುತ್ತಿರಲಿಲ್ಲ. ಓದಿದವರು ಹೊರಗೇ ಅದನ್ನು ಹರಿದುಹಾಕಿ ಸ್ನಾನಕ್ಕೆ ಹೋಗುತ್ತಿದ್ದರು. ಆದುದರಿಂದಲೇ ನಮ್ಮ ತಂತಿಯ ಮೇಲೆ ದುಃಖದ ದಾಖಲೆಯೇ ಇರಲಿಲ್ಲ.

ರಾಶಿಯವರೆಂದು ಪ್ರಸಿದ್ಧರಾದ ಡಾಕ್ಟರ್ ಎಂ. ಶಿವರಾಂ ಅವರು 1942ರಲ್ಲಿ "ಕೊರವಂಜಿ" ಎಂಬ ಹಾಸ್ಯಪತ್ರಿಕೆಯನ್ನು ಹೊರಡಿಸಿದಾಗ, ಟಿ. ಸುನಂದಮ್ಮನವರಂಥವರು ಅದರಲ್ಲಿ ಸಂಸಾರದ ಸಣ್ಣ ಪೇಚುಗಳನ್ನೇ ಹಾಸ್ಯಕ್ಕೆ ವಸ್ತುವನ್ನಾಗಿ ಮಾಡಿಕೊಂಡಾಗ, ಕನ್ನಡಿಗರು ಅದನ್ನು ಅಷ್ಟು ಬೇಗ ತಮ್ಮದೆಂದು ಬರಮಾಡಿಕೊಂಡುದಕ್ಕೆ ಕಾಲಾಣೆಯ ಈ ಅಭ್ಯಾಸವೂ ಒಂದು ಕಾರಣವಾಗಿರಬಹುದೆಂದು ನನ್ನ ಊಹೆ. 1950ರ ಅಕ್ಟೋಬರ್ 2ರಂದು ಬಂದ ಇನ್‌ಲ್ಯಾಂಡ್ ಪತ್ರವು ಮಡಿಸಿ ಅಂಟಿಸುವಂಥದು. ಸ್ಥಳ ಹೆಚ್ಚಿತು, ಗುಟ್ಟೂ ಹೆಚ್ಚಿತು, ಜಗಲಿಯ ಓದು ಕಡಿಮೆಯಾಯಿತು.

ಅಜ್ಜನ ಸ್ನೇಹಿತರು ಮಾತ್ರ ಕಾರ್ಡನ್ನು ಬಿಡಲಿಲ್ಲ. ತಂತಿಯ ತುದಿಯಲ್ಲಿದ್ದ ಅವರ ಕಡೆಯ ಕಾರ್ಡಿನಲ್ಲಿ ಶ್ರೀಕಾರವಿದೆ, ಉಭಯ ಕುಶಲೋಪರಿಯಿದೆ. ಬಳಿಕ ಈ ವಾರ ಮನೆಯಲ್ಲಿ ಏನೂ ನಡೆಯಲಿಲ್ಲವೆಂದೂ, ಮಿಕ್ಕ ಸ್ಥಳವನ್ನು ವ್ಯರ್ಥಮಾಡದೆ ಉಪಯೋಗಿಸಿಕೊಳ್ಳಬೇಕೆಂದೂ ಒಂದು ಸಾಲು. ಅದರ ಕೆಳಗಿನ ಬರಿದಾದ ಜಾಗದಲ್ಲಿ, ಪೆನ್ಸಿಲಿನಿಂದ, ಅಜ್ಜನ ಕೈಯಲ್ಲಿ, ಆ ತಿಂಗಳ ಹಾಲಿನ ಲೆಕ್ಕ ಬರೆದಿದೆ.